ಕಡಲಾಚೆ ಸತ್ತವರ ಮರುಪಯಣ

ಇಟಲಿಯ ಫ್ಲಾರೆನ್ಸ್ ನಗರದ ಪಶ್ಚಿಮಕ್ಕೆ ಕಶೀನೆ ಎಂಬ ವಿಸ್ತಾರವಾದ ಉದ್ಯಾನವಿದೆ. ಅದರ ತುತ್ತತುದಿಯಲ್ಲಿ, ಆರ್ನೋ ನದಿಗೆ ಮುನ್ಯೋನೆ ಎಂಬ ಸಣ್ಣ ಹೊಳೆ ಬಂದು ಕೂಡುವ ಜಾಗದಲ್ಲಿ, ನಮ್ಮ ಕಣ್ಣಿಗೆ ತೀರ ಪರಿಚಿತವೆನಿಸುವ ಛತ್ರಿಯೊಂದು ನಿಂತಿದೆ. ಅದರಡಿಯಲ್ಲಿರುವುದು ಪೇಟ ಧರಿಸಿದ ಯುವಕನೊಬ್ಬನ ಎದೆಮಟ್ಟದ ಪ್ರತಿಮೆ. ಊರವರ ಬಾಯಲ್ಲಿ ಅದು 'ಇಂಡಿಯಾನೋ'. ನೂರು ವರ್ಷಗಳ ಬಳಿಕ ಪಕ್ಕದಲ್ಲೇ ಕಟ್ಟಿದ ಸೇತುವೆಗೂ ಅದೇ ಹೆಸರು ಬಂತು. ಆ ಯುವಕ ಕೊಲ್ಹಾಪುರದ ಛತ್ರಪತಿ ರಾಜಾರಾಮ. ಇಂಗ್ಲೆಂಡಿನ ಪ್ರವಾಸ ಮುಗಿಸಿ ಸ್ವದೇಶಕ್ಕೆ ಮರಳುವ ದಾರಿಯಲ್ಲಿ, 1870ರ ನವೆಂಬರ್ 30ರಂದು, ಇಪ್ಪತ್ತರ ಹರೆಯದಲ್ಲಿ ಆತ ಫ್ಲಾರೆನ್ಸಿನಲ್ಲಿ ತೀರಿಕೊಂಡ. ಶವವನ್ನು ಹೂಳುವುದಲ್ಲದೆ ಬೇರೆ ಪದ್ಧತಿಯನ್ನೇ ಕಾಣದ ಆ ಊರಿನಲ್ಲಿ ದಹನಕ್ಕೆ ಅನುಮತಿ ಪಡೆಯುವ ಕೆಲಸ ಪರಿವಾರದವರ ಪಾಲಿಗೆ ಬಂತು. ಅಧಿಕಾರಿಗಳು ಒಪ್ಪಿದರು. ಎರಡು ನೀರು ಕೂಡುವ ಸಂಗಮವನ್ನು ಹುಡುಕಿ, ರಾತ್ರಿಯ ಹೊತ್ತಿನಲ್ಲಿ ಚಿತೆಯೊಡ್ಡಿ, ಬಲ್ಲಷ್ಟು ವಿಧಿಯಿಂದ ಸಂಸ್ಕಾರ ನಡೆಸಿದರು. ಜೊತೆಗಿದ್ದ ಕ್ಯಾಪ್ಟನ್ ವೆಸ್ಟ್ ಮುಂದೆ 1872ರಲ್ಲಿ ಆ ಯುವಕನ ಪ್ರವಾಸದ ದಿನಚರಿಯನ್ನು ಸಂಪಾದಿಸಿ ಲಂಡನ್ನಿನಲ್ಲಿ ಪ್ರಕಟಿಸಿದ.

ಅಸ್ಥಿ ಭಾರತಕ್ಕೆ ಬಂತು. ದೇಹ ಬರಲಿಲ್ಲ. ಇದರಲ್ಲಿ ನನ್ನ ಗಮನ ಸೆಳೆದದ್ದು, ದೇಹವನ್ನು ತರಬೇಕೆಂಬ ಹಟ ಈ ವೃತ್ತಾಂತದಲ್ಲಿ ಎಲ್ಲಿಯೂ ಕಾಣಿಸದಿರುವುದು. ಸುಯೆಜ್ ಕಾಲುವೆ ಹಿಂದಿನ ವರ್ಷವೇ ತೆರೆದಿತ್ತು. ಶವವನ್ನು ಔಷಧಿಯಿಂದ ಕೆಡದಂತೆ ಕಾಪಿಡುವ ವಿದ್ಯೆ ಅಮೆರಿಕದ ಅಂತರ್ಯುದ್ಧದ ಕಾಲಕ್ಕೇ ಒಂದು ವೃತ್ತಿಯಾಗಿ ಬೆಳೆದಿತ್ತು. ಹಣಕ್ಕೆ ಕೊರತೆ ಇದ್ದಿರಲಾರದು. ಆದರೂ ಸತ್ತಲ್ಲಿಯೇ ಸುಟ್ಟು ಅಸ್ಥಿಯನ್ನು ತರುವುದೇ ಸರಿಯಾದ ಕ್ರಮವೆಂದು ಅವರು ಬಗೆದರು. ನಮ್ಮ ಮೈಸೂರಿನ ಉದಾಹರಣೆಯನ್ನೇ ನೋಡಬಹುದು. ಚಾಮರಾಜೇಂದ್ರ ಒಡೆಯರು 1894ರ ಡಿಸೆಂಬರ್ 28ರಂದು ಕಲ್ಕತ್ತೆಯಲ್ಲಿ, ಮೂವತ್ತೊಂದನೆಯ ವಯಸ್ಸಿನಲ್ಲಿ, ಡಿಫ್ತೀರಿಯಾಕ್ಕೆ ಬಲಿಯಾದರು. ಕಲ್ಕತ್ತೆ ಪರದೇಶವಲ್ಲ, ರೈಲು ಇತ್ತು. ಆದರೂ ಅರಸರ ಅಂತ್ಯಕ್ರಿಯೆ ನಡೆದದ್ದು ಅಲ್ಲಿಯ ಕೇವಡಾತಲಾ ಘಾಟಿನಲ್ಲಿ, ಆದಿಗಂಗೆಯ ದಡದಲ್ಲಿ. ಗಂಗೆಯ ತೀರದ ಸಾವು ಪುಣ್ಯವೆಂಬ ನಂಬಿಕೆಯೂ ಅದರ ಹಿಂದೆ ಇದ್ದಿರಬೇಕು. ಕಲ್ಕತ್ತೆಯಲ್ಲಿರುವ ನಮ್ಮ ಓದುಗರು ಅಲ್ಲಿನ ಮೈಸೂರು ಗಾರ್ಡನ್ನಿನ ಮುಂದೆ ಎಷ್ಟೋ ಸಲ ಹಾದುಹೋಗಿರಬಹುದು.

ದೇಹವೇ ಮರಳಬೇಕೆಂಬ ಹಂಬಲ ಸನಾತನವಾದದ್ದೆಂದು ಇಂದು ನಮಗೆ ತೋರುತ್ತದೆ. ವಾಸ್ತವದಲ್ಲಿ ಅದಕ್ಕೆ ನೂರು ವರ್ಷವೂ ತುಂಬಿದಂತಿಲ್ಲ. ಹಿಂದಿನವರು ದೂರದ ಸಾವನ್ನು ಬೇರೆ ರೀತಿಯಲ್ಲಿ ಬಗೆಹರಿಸಿಕೊಂಡಿದ್ದರು. ಸುದ್ದಿ ತಡವಾಗಿ ತಲುಪಿದರೆ ಸೂತಕವನ್ನು ಎಷ್ಟು ದಿನ ಹಿಡಿಯಬೇಕೆಂಬುದನ್ನು ಮನುಸ್ಮೃತಿ ಲೆಕ್ಕ ಹಾಕಿ ಹೇಳುತ್ತದೆ: ಹತ್ತು ದಿನದೊಳಗೆ ತಿಳಿದರೆ ಉಳಿದ ದಿನಗಳಷ್ಟು, ಹತ್ತು ದಿನ ಕಳೆದಿದ್ದರೆ ಮೂರು ರಾತ್ರಿ, ವರ್ಷ ಕಳೆದಿದ್ದರೆ ಒಂದು ಸ್ನಾನ. ಅಂಚೆಯೂ ತಂತಿಯೂ ಇಲ್ಲದ ಕಾಲದಲ್ಲಿ ಮಗ ಸತ್ತ ಸುದ್ದಿ ಮನೆಗೆ ಮುಟ್ಟಲು ವರ್ಷವೇ ಹಿಡಿಯಬಹುದೆಂಬ ಅರಿವು ಈ ನಿಯಮದ ಬೆನ್ನಿಗಿದೆ. ಇನ್ನು ದೇಹ ಸಿಗದೇ ಹೋದಲ್ಲಿ ಪಾಲಾಶವಿಧಿ. ಮುತ್ತುಗದ 360 ತೊಟ್ಟುಗಳನ್ನು ಅಂಗಾಂಗಗಳ ಲೆಕ್ಕಕ್ಕೆ ಹಂಚಿ ಮನುಷ್ಯಾಕೃತಿಯನ್ನು ಕಟ್ಟುವುದು, ತಲೆಯ ಜಾಗದಲ್ಲಿ ತೆಂಗಿನಕಾಯಿ ಇರಿಸುವುದು, ಅದಕ್ಕೆ ಅಗ್ನಿಸಂಸ್ಕಾರ ಮಾಡುವುದು. ಚರಕನ ಎಣಿಕೆಯಲ್ಲಿ ಮನುಷ್ಯನ ಅಸ್ಥಿಗಳೂ 360. ನಾವು ಮದುವೆಮನೆಯಲ್ಲಿ ಉಂಡು ಎಸೆಯುತ್ತಿದ್ದ ಎಲೆಯ ಅದೇ ಮುತ್ತುಗ, ಬಾರದೆ ಹೋದವನ ಮೈಯಾಗಿ ಚಿತೆಯನ್ನೇರುತ್ತಿತ್ತು.

ಇದನ್ನು ಮೂಢನಂಬಿಕೆಯೆಂದು ಬದಿಗಿಡುವುದು ಸುಲಭ. ನನಗೆ ಇದರಲ್ಲಿ ದೊಡ್ಡದೊಂದು ಕರುಣೆ ಕಾಣುತ್ತದೆ. ಬಾರದ ದೇಹಕ್ಕಾಗಿ ಮನೆಮಂದಿ ಬಾಗಿಲು ತೆರೆದಿಟ್ಟು ಕಾಯುತ್ತ ಕೂರಬೇಕಾಗಿರಲಿಲ್ಲ.

ಕಡಲು ದಾಟಿದವರ ಪೈಕಿ ಮೊದಲಿಗರಾದ ರಾಜಾ ರಾಮಮೋಹನ ರಾಯರು 1833ರ ಸೆಪ್ಟೆಂಬರ್ 27ರಂದು ಬ್ರಿಸ್ಟಲ್ಲಿನಲ್ಲಿ ತೀರಿಕೊಂಡರು. ಅಲ್ಲಿ ದಹನಕ್ಕೆ ಆಸ್ಪದವಿರಲಿಲ್ಲ. ಉಳಿದುಕೊಂಡಿದ್ದ ಮನೆಯ ತೋಟದಲ್ಲೇ ಅವರನ್ನು ಸಮಾಧಿ ಮಾಡಲಾಯಿತು. ಹತ್ತು ವರ್ಷಗಳ ಬಳಿಕ ದ್ವಾರಕಾನಾಥ ಠಾಕೂರರು ಮುತುವರ್ಜಿ ವಹಿಸಿ ಆ ಅವಶೇಷಗಳನ್ನು ಅದೇ ಊರಿನ ಆರ್ನೋಸ್ ವೇಲ್ ಸ್ಮಶಾನಕ್ಕೆ ಸಾಗಿಸಿ ಛತ್ರಿ ಕಟ್ಟಿಸಿದರು. ತಾಯ್ನಾಡಿಗೆ ತರುವ ಯತ್ನ ನಡೆಯಲಿಲ್ಲ. 1846ರಲ್ಲಿ ದ್ವಾರಕಾನಾಥರೇ ಲಂಡನ್ನಿನಲ್ಲಿ ಸತ್ತು ಕೆನ್ಸಲ್ ಗ್ರೀನ್ ಸ್ಮಶಾನದಲ್ಲಿ ಮಲಗಿದರು.

ಯಾರ ದೇಹ ಮರಳಬೇಕು, ಯಾರದು ಬೇಡ ಎಂಬುದನ್ನು ಒಂದು ಸರ್ಕಾರ ಆಜ್ಞೆಯ ಮೂಲಕ ತೀರ್ಮಾನಿಸಿದ್ದು ಮೊದಲ ಮಹಾಯುದ್ಧದಲ್ಲಿ. 1915ರ ಏಪ್ರಿಲಿನಲ್ಲಿ ಬ್ರಿಟನ್ನಿನ ಮಾಜಿ ಪ್ರಧಾನಿ ಗ್ಲಾಡ್‌ಸ್ಟನ್ನರ ಮೊಮ್ಮಗ ಫ್ರಾನ್ಸಿನ ರಣಾಂಗಣದಲ್ಲಿ ಮಡಿದಾಗ, ದೊರೆಯ ಅಪ್ಪಣೆ ಪಡೆದು ಆತನ ಶವವನ್ನು ಮನೆಗೆ ತರಲಾಯಿತು. ಅದಾದ ಮೇಲೆ ಇನ್ನು ಯಾರ ದೇಹವೂ ಮರಳಕೂಡದೆಂಬ ನಿಷೇಧ ಬಂತು. ದೊಡ್ಡ ಮನೆತನದವನಿಗೆ ಒಂದು, ಬಡ ಸಿಪಾಯಿಗೆ ಒಂದು ಆಗಬಾರದೆಂಬ ಸಮಾನತೆಯ ತತ್ವವನ್ನು ಇದಕ್ಕೆ ಆಧಾರವಾಗಿ ಕೊಟ್ಟರು. ತತ್ವ ದೊಡ್ಡದೇ, ಒಬ್ಬನನ್ನು ತಂದಾದ ಮೇಲೆ ನೆನಪಾದದ್ದು ಎಂಬುದಷ್ಟೇ ಅದರ ಕೊರತೆ. ಹೀಗೆ ನಮ್ಮ ಸಿಪಾಯಿಗಳೂ ಬಿದ್ದಲ್ಲೇ ಉಳಿದರು. ಬ್ರೈಟನ್ನಿನ ಆಸ್ಪತ್ರೆಗಳಲ್ಲಿ ಸತ್ತ ಹಿಂದೂ ಮತ್ತು ಸಿಖ್ ಸೈನಿಕರ ಪೈಕಿ 53 ಮಂದಿಯನ್ನು ಊರಾಚೆಯ ಗುಡ್ಡದ ಮೇಲೆ ದಹಿಸಿದರು. 1921ರಲ್ಲಿ ಅಲ್ಲಿಯೂ ಒಂದು ಛತ್ರಿ ಎದ್ದಿತು. ದೇಹವೇ ಪತ್ತೆಯಾಗದ 4700ಕ್ಕೂ ಹೆಚ್ಚು ಭಾರತೀಯರ ಹೆಸರುಗಳು ಫ್ರಾನ್ಸಿನ ನವ್ ಶಪೆಲ್‌ನ ಗೋಡೆಯ ಮೇಲಿವೆ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದ ಕುದುರೆ ಪಡೆಯಲ್ಲಿ ಜೋಧಪುರದವರ ಜೊತೆ ಮೈಸೂರು ಲ್ಯಾನ್ಸರ್ಸ್ ಇದ್ದರು. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನ ಸವಾರನದು ಎಂಬುದನ್ನು ದೆಹಲಿ ಕನ್ನಡಿಗರಲ್ಲೂ ಎಷ್ಟೋ ಜನ ಗಮನಿಸಿರುವುದಿಲ್ಲ. ಆ ಪಡೆಯಲ್ಲಿ ಮಡಿದವರ ಮನೆಗೆ ಊರಿನಲ್ಲಿ ಮುಟ್ಟಿದ್ದು ಸುದ್ದಿ ಮಾತ್ರ. ಬೆಂಗಳೂರಿನ ಜೆ.ಸಿ. ನಗರದ ಸ್ಮಾರಕಶಿಲೆಯನ್ನು ನಮ್ಮ ವೀರಗಲ್ಲುಗಳ ಸಾಲಿಗೆ ಸೇರಿಸಿ ನೋಡಬೇಕು.

ದೇಹವೇ ಬರಬೇಕೆಂಬ ಹೊಸ ಒತ್ತಾಯ ಸ್ಪಷ್ಟವಾಗಿ ಕಾಣುವುದು ವಿಠ್ಠಲಭಾಯಿ ಪಟೇಲರ ಸಾವಿನಲ್ಲಿ. ಕೇಂದ್ರ ಶಾಸನಸಭೆಗೆ ಚುನಾಯಿತರಾದ ಮೊದಲ ಭಾರತೀಯ ಅಧ್ಯಕ್ಷರು ಅವರು, ಸರ್ದಾರರ ಅಣ್ಣ. ಮುಂಬಯಿಯ ಗಿರಗಾಂವಿನಲ್ಲಿ ವಿ.ಪಿ. ರೋಡಿನ ಮೇಲೆ ದಿನವೂ ಓಡಾಡುವ ನಮ್ಮವರಿಗೆ ಆ ಎರಡು ಅಕ್ಷರಗಳ ಹಿಂದಿನ ಮನುಷ್ಯ ಮರೆತೇ ಹೋಗಿದ್ದಾನೆ. ಚಿಕಿತ್ಸೆಗೆಂದು ಯೂರೋಪಿಗೆ ಹೋಗಿದ್ದ ಅವರು 1933ರ ಅಕ್ಟೋಬರ್ 22ರಂದು ಜಿನೀವಾದ ಸಮೀಪದ ಆಸ್ಪತ್ರೆಯೊಂದರಲ್ಲಿ ಕೊನೆಯುಸಿರೆಳೆದರು. ಕೊನೆಯ ದಿನಗಳಲ್ಲಿ ಹಾಸಿಗೆಯ ಪಕ್ಕದಲ್ಲಿದ್ದು ಶುಶ್ರೂಷೆ ಮಾಡಿದವರು ಸುಭಾಷಚಂದ್ರ ಬೋಸರು. ಬೋಸರೇ ಮುಂದೆ ನಿಂತು ಶವವನ್ನು ಸಿದ್ಧಗೊಳಿಸಿ ಮಾರ್ಸೆಯ್ ಬಂದರಿನವರೆಗೆ ಜೊತೆಗೆ ಬಂದರು. ಅಲ್ಲಿಂದ ಮುಂದೆ ಅವರು ಬರುವಂತಿರಲಿಲ್ಲ. ಭಾರತದಲ್ಲಿ ಅವರಿಗೆ ಬಂಧನ ಕಾದಿತ್ತು. ಹಡಗಿನಲ್ಲಿ ಬಂದದ್ದು ದೇಹ ಮಾತ್ರ.

ಇತ್ತ ತಮ್ಮ ವಲ್ಲಭಭಾಯಿ ನಾಸಿಕದ ಸೆರೆಮನೆಯಲ್ಲಿದ್ದರು. ಅಂತ್ಯಕ್ರಿಯೆಗೆ ಬಿಡುವೆವೆಂದು ಸರ್ಕಾರ ಹೇಳಿತು, ಷರತ್ತುಗಳ ಮೇಲೆ. ಭಾಷಣ ಮಾಡಕೂಡದು, ಮುಗಿದೊಡನೆ ಮರಳಿ ಸೆರೆಗೆ ಬರಬೇಕು. ಅಣ್ಣನ ಚಿತೆಗೆ ಷರತ್ತಿನ ಮೇಲೆ ಬರಲು ಅವರು ಒಪ್ಪಲಿಲ್ಲ. 1920ರಲ್ಲಿ ತಿಲಕರ ದಹನ ನಡೆದಿದ್ದ ಚೌಪಾಟಿಯಲ್ಲೇ ಇವರದೂ ಆಗಬೇಕೆಂಬ ಬೇಡಿಕೆಯಿತ್ತು. ಸರ್ಕಾರ ಅದನ್ನು ನಿರಾಕರಿಸಿತು. ನವೆಂಬರ್ 10ರಂದು, ಸತ್ತ ಹತ್ತೊಂಬತ್ತನೆಯ ದಿನ, ಇಂದು ನಾವು ಚಂದನವಾಡಿ ಎಂದು ಕರೆಯುವ ಸೋನಾಪುರದ ಸ್ಮಶಾನದಲ್ಲಿ ಅಪಾರ ಜನಸ್ತೋಮದ ನಡುವೆ ಅಗ್ನಿಸ್ಪರ್ಶವಾಯಿತು. ಚೌಪಾಟಿಯ ಮರಳಿನ ಮೇಲೆ ಒಂದು ಶವ ಸುಡುವುದಕ್ಕೆ ಸಾಮ್ರಾಜ್ಯ ಅಷ್ಟೇಕೆ ಹೆದರಬೇಕಿತ್ತು? ತಂದದ್ದು ಅಸ್ಥಿಯ ಕರಂಡವಾಗಿದ್ದರೆ ಈ ಜನಸಾಗರ ಸೇರುತ್ತಿತ್ತೇ ಎಂದು ಕೇಳಿಕೊಂಡರೆ ಉತ್ತರ ಹೊಳೆಯುತ್ತದೆ. ಮುಖ ಕಾಣುವ ದೇಹಕ್ಕೆ ಸಾರ್ವಜನಿಕವಾದ ಒಂದು ಶಕ್ತಿಯಿದೆಯೆಂದು ಆಳುವವರೂ ಆಳಿಸಿಕೊಳ್ಳುವವರೂ ಆ ಹೊತ್ತಿಗೆ ಕಂಡುಕೊಂಡಿದ್ದರು.

ಮೂರೇ ವರ್ಷಗಳ ಬಳಿಕ ಅದೇ ಸ್ವಿಟ್ಜರ್ಲೆಂಡಿನಲ್ಲಿ ಕಮಲಾ ನೆಹರೂ ತೀರಿಕೊಂಡರು, 1936ರ ಫೆಬ್ರವರಿ 28ರಂದು, ಲೊಸಾನ್‌ನಲ್ಲಿ. ಅಲ್ಲಿಯೇ ದಹನವಾಯಿತು. ಅಸ್ಥಿಯ ಕರಂಡವನ್ನು ಜೊತೆಗಿರಿಸಿಕೊಂಡು ಜವಾಹರಲಾಲರು ವಿಮಾನದಲ್ಲಿ ಮರಳಿದರು. ರೋಮ್‌ನಲ್ಲಿ ಮುಸೊಲಿನಿಯ ಭೇಟಿಯ ಆಹ್ವಾನ ಬಂದಾಗ ಒಲ್ಲೆನೆಂದರು. ಬಾಗ್ದಾದಿನಿಂದ ಪ್ರಕಾಶಕರಿಗೆ ತಂತಿ ಕಳಿಸಿ, ಅಚ್ಚಿನಲ್ಲಿದ್ದ ತಮ್ಮ ಆತ್ಮಕಥೆಯನ್ನು ಇನ್ನಿಲ್ಲವಾದ ಕಮಲಾಗೆ ಅರ್ಪಿಸಿದರು. ಹಳೆಯ ಕ್ರಮ ಮತ್ತು ಹೊಸ ವಾಹನ ಒಟ್ಟಿಗೆ ಕೂಡಿದ ಆ ಪಯಣ ನನಗೆ ವಿಠ್ಠಲಭಾಯಿಯವರ ಮೆರವಣಿಗೆಗಿಂತ ಹೆಚ್ಚು ಹತ್ತಿರದ್ದೆನಿಸುತ್ತದೆ.

ಸ್ವಾತಂತ್ರ್ಯಾನಂತರ ವಿಮಾನವೇ ಅಳತೆಗೋಲಾಯಿತು. 1966ರ ಜನವರಿ 11ರ ಬೆಳಗಿನ ಜಾವ ತಾಷ್ಕೆಂಟಿನಲ್ಲಿ ತೀರಿಕೊಂಡ ಲಾಲ್ ಬಹಾದ್ದೂರ್ ಶಾಸ್ತ್ರಿಯವರ ಪಾರ್ಥಿವ ಶರೀರ ಅದೇ ದಿನ ದೆಹಲಿ ತಲುಪಿತು, ಮರುದಿನ ಅಂತ್ಯಕ್ರಿಯೆ. ಹದಿಮೂರು ದಿನಗಳಲ್ಲಿ, ಜನವರಿ 24ರಂದು, ಹೋಮಿ ಭಾಭಾ ಅವರನ್ನು ಹೊತ್ತ ಏರ್ ಇಂಡಿಯಾದ 'ಕಾಂಚನಜಂಗಾ' ಮೋಂಟ್ ಬ್ಲಾಂಕ್ ಶಿಖರಕ್ಕೆ ಅಪ್ಪಳಿಸಿತು. ಅದರಲ್ಲಿದ್ದ 117 ಜನರಲ್ಲಿ ಯಾರೂ ಉಳಿಯಲಿಲ್ಲ, ಭಾಭಾ ಅವರ ದೇಹವೂ ಮರಳಲಿಲ್ಲ. ಬೊಸ್ಸೋನ್ ಹಿಮನದಿ ಇಂದಿಗೂ ಒಂದೊಂದನ್ನೇ ಕೆಳಕ್ಕೆ ತಂದು ಹಾಕುತ್ತಿದೆ. 2012ರಲ್ಲಿ ಅಲ್ಲಿ ಸಿಕ್ಕಿದ್ದು ನಮ್ಮ ವಿದೇಶಾಂಗ ಸಚಿವಾಲಯದ ಮುದ್ರೆಯಿದ್ದ ಒಂದು ಟಪಾಲು ಚೀಲ. ಮನುಷ್ಯರು ಬಾರದ ದಾರಿಯಲ್ಲಿ 46 ವರ್ಷಗಳ ಬಳಿಕ ಕಡತ ಬಂತು. ಸರ್ಕಾರಿ ನೌಕರನಾದ ನನಗೆ ಇದನ್ನು ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ರಾಜರು, ನಾಯಕರು, ವಿಜ್ಞಾನಿಗಳ ಈ ಚರಿತ್ರೆಗೆ ಸಾಮಾನ್ಯರು ದೊಡ್ಡ ಪ್ರಮಾಣದಲ್ಲಿ ಸೇರಿದ್ದು ಎಪ್ಪತ್ತರ ದಶಕದ ತೈಲ ಬೆಲೆಯೇರಿಕೆಯ ಬಳಿಕ ಕೊಲ್ಲಿ ದೇಶಗಳಿಗೆ ಹೊರಟ ವಲಸೆಯಿಂದ. ಮಂಗಳೂರು, ಉಡುಪಿ, ಭಟ್ಕಳಗಳಿಂದ ಹೋದವರಲ್ಲಿ ಮುಂಬಯಿಯ ಮೂಲಕವೇ ಹಾದು ಹೋದವರು ಅನೇಕರು. ಅವರು ನೆಲೆಸಲು ಹೋದವರಲ್ಲ, ಮರಳಲು ಹೋದವರು. ಹೆಂಡತಿ ಮಕ್ಕಳು ಊರಿನಲ್ಲಿ. ಅಲ್ಲಿರುವುದು ಒಂದು ಮಂಚ, ಒಂದು ಸೂಟ್‌ಕೇಸು. ಅಂಥವನು ಸತ್ತರೆ ಅಲ್ಲಿ ಸುಡುವವರು ಯಾರು, ಹೂಳುವವರು ಯಾರು? ಸೌದಿ ಅರೇಬಿಯದಲ್ಲಿ ದಹನಕ್ಕೆ ಅವಕಾಶವೇ ಇಲ್ಲ. ಹಿಂದೂ ಕುಟುಂಬಕ್ಕೆ ಅಲ್ಲಿ ಉಳಿಯುವುದು ಎರಡೇ ದಾರಿ: ಅಲ್ಲಿನ ಮಣ್ಣಿಗೆ ಒಪ್ಪಿಸುವುದು, ಇಲ್ಲವೇ ದೇಹವನ್ನು ತರಿಸುವುದು. ಹೀಗೆ ದೇಹದ ಮರುಪಯಣ ಸಾಮಾನ್ಯನ ಪಾಲಿಗೆ ಅನಿವಾರ್ಯವಾಯಿತು.

ಆ ಪಯಣಕ್ಕೆ ಬೇಕಾದ ಕಾಗದಗಳನ್ನು ನಾನು ಒಮ್ಮೆ ಹತ್ತಿರದಿಂದ ನೋಡಿದ್ದೇನೆ. ಪರಿಚಯದ ಕುಟುಂಬವೊಂದರ ಅಳಿಯ ಕೊಲ್ಲಿಯಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ, ಕಡತದ ಇಂಗ್ಲಿಷ್ ಬಲ್ಲವನೆಂದು ನನ್ನನ್ನು ಕರೆದಿದ್ದರು. ಆಸ್ಪತ್ರೆಯ ವರದಿ, ಪೊಲೀಸರ ಅನುಮತಿ, ಮರಣಪತ್ರ ಮತ್ತು ಅದರ ಅನುವಾದ. ದೇಹವನ್ನು ಪಡೆದು ಕಳಿಸುವ ಅಧಿಕಾರವನ್ನು ಅಲ್ಲಿರುವ ಒಬ್ಬರಿಗೆ ಕೊಡುವ ವಾರಸುದಾರರ ಒಪ್ಪಿಗೆಪತ್ರ. ನಮ್ಮ ದೂತಾವಾಸದ ನಿರಾಕ್ಷೇಪಣಾ ಪತ್ರ. ಎಂಬಾಮಿಂಗ್ ಆದ ದೃಢೀಕರಣ, ಪೆಟ್ಟಿಗೆ ಮುಚ್ಚಿದ ದೃಢೀಕರಣ. ಕೊನೆಗೆ ವಿಮಾನ ಸಂಸ್ಥೆಯ ಸರಕು ಚೀಟಿ. ಪಾಸ್‌ಪೋರ್ಟು 'ರದ್ದು' ಎಂಬ ಮುದ್ರೆ ಹೊತ್ತು ಪೆಟ್ಟಿಗೆಯ ಜೊತೆ ಬರುತ್ತದೆ. ಸರಕು ಚೀಟಿಯಲ್ಲಿ 'ಸರಕು ಪಡೆಯುವವರು' ಎಂಬ ಜಾಗಕ್ಕೆ ಮಗನ ಹೆಸರು ಬರೆಯುವಾಗ ಆ ಮನೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಮೃತನ ತಾಯಿ ಕೇಳಿದ್ದು ಒಂದೇ ಪ್ರಶ್ನೆ: "ಪೆಟ್ಟಿಗೆ ತೆರೆದು ಮುಖ ನೋಡಲು ಬಿಡುತ್ತಾರಾ ಅಣ್ಣಾ?" ಆ ಮನೆಯಲ್ಲಿ ಬಾಕಿ ಎಲ್ಲ ಕಾಗದಗಳೂ ಆ ಒಂದು ಪ್ರಶ್ನೆಗಾಗಿಯೇ ಸಿದ್ಧವಾಗುತ್ತಿದ್ದವು.

ಈ ಕಾಗದಗಳಿಗೂ ಒಂದು ಇತಿಹಾಸವಿದೆ. ವಿಮಾನದಲ್ಲಿ ಬರುವ ಶವದ ಬಗೆಗಿನ ನಮ್ಮ ನಿಯಮಗಳು 1954ರವು, ವಿಮಾನಗಳ ಸಾರ್ವಜನಿಕ ಆರೋಗ್ಯ ನಿಯಮಗಳು. ಪ್ಲೇಗು, ಹಳದಿ ಜ್ವರಗಳ ಭಯದಲ್ಲಿ ಹುಟ್ಟಿದ ಅವು, ಗಾಳಿ ಆಡದಂತೆ ಬೆಸುಗೆ ಹಾಕಿದ ಸತುವಿನ ಪೆಟ್ಟಿಗೆಯ ಮಾತಾಡುತ್ತವೆ. ಶೋಕದ ಬಗ್ಗೆ ಅವಕ್ಕೆ ಏನೂ ಗೊತ್ತಿಲ್ಲ. ಗೊತ್ತಿರಬೇಕೆಂದು ನಿರೀಕ್ಷಿಸುವುದೂ ನ್ಯಾಯವಲ್ಲ. ಆದರೆ ತೂಕದ ವಿಚಾರ ಬೇರೆ. ಯು.ಎ.ಇ.ಯಿಂದ ಬರುವ ದೇಹಗಳಿಗೆ ಏರ್ ಇಂಡಿಯಾ ಬಹುಕಾಲ ಕಿಲೋ ಲೆಕ್ಕದಲ್ಲಿ ಬಾಡಿಗೆ ಪಡೆಯುತ್ತಿತ್ತು. ಸತ್ತವನನ್ನು ತಕ್ಕಡಿಯಲ್ಲಿಡುವುದು ಅವಮಾನವೆಂದು ಅಲ್ಲಿನ ಭಾರತೀಯರು ವರ್ಷಗಟ್ಟಲೆ ದನಿಯೆತ್ತಿದ ಮೇಲೆ, 2019ರ ಜನವರಿಯಲ್ಲಿ ವಯಸ್ಕರಿಗೆ 1500 ದಿರ್ಹಮ್, 12 ವರ್ಷದೊಳಗಿನವರಿಗೆ 750 ಎಂದು ದರ ನಿಗದಿಯಾಯಿತು. ಬಡವರ ಪಾಲಿಗೆ ಅದಕ್ಕಿಂತ ದೊಡ್ಡ ಬದಲಾವಣೆ 2009ರಲ್ಲಿ ಬಂದ ಭಾರತೀಯ ಸಮುದಾಯ ಕಲ್ಯಾಣ ನಿಧಿ. ದೂತಾವಾಸದ ಸೇವೆಗಳ ಮೇಲೆ ವಿಧಿಸುವ ಸಣ್ಣ ಶುಲ್ಕದಿಂದ ಕೂಡುವ ಈ ನಿಧಿಯಿಂದ, ಗತಿಯಿಲ್ಲದವರ ದೇಹವನ್ನು ಊರಿಗೆ ಕಳಿಸುವ ಖರ್ಚು ಭರಿಸಬಹುದು. ಎಲ್ಲಿಯೋ ಪಾಸ್‌ಪೋರ್ಟ್ ನವೀಕರಿಸಿಕೊಂಡ ಒಬ್ಬನ ಹಣದಲ್ಲಿ, ಅವನಿಗೆ ಗೊತ್ತೇ ಇಲ್ಲದ ಮತ್ತೊಬ್ಬ ಮನೆಗೆ ಮರಳುತ್ತಾನೆ.

ಕಾಗದದ ಒಂದು ಪದ ತಪ್ಪಿದರೆ ಏನಾಗುತ್ತದೆಂಬುದಕ್ಕೆ 2021ರಲ್ಲಿ ದೆಹಲಿ ಹೈಕೋರ್ಟಿಗೆ ಬಂದ ಪ್ರಕರಣ ಸಾಕ್ಷಿ. ಸೌದಿಯಲ್ಲಿ ಸತ್ತ ಒಬ್ಬ ಹಿಂದೂ ಕಾರ್ಮಿಕನ ಮರಣಪತ್ರದ ಅನುವಾದದಲ್ಲಿ ಧರ್ಮ ತಪ್ಪಾಗಿ ನಮೂದಾಯಿತು. ದೇಹವನ್ನು ಕಳಿಸಿರೆಂದು ಹೆಂಡತಿ ಇಲ್ಲಿ ಕೇಳುತ್ತಿರುವಾಗಲೇ ಅಲ್ಲಿ ಆತನನ್ನು ಹೂತಾಗಿತ್ತು. ಆಕೆ ನ್ಯಾಯಾಲಯಕ್ಕೆ ಹೋದಳು. ತಿಂಗಳುಗಳ ಬಳಿಕ ದೇಹವನ್ನು ಹೊರತೆಗೆದು ಭಾರತಕ್ಕೆ ತರಲಾಯಿತು. ಭಾಷಾಂತರದ ನಿಷ್ಠೆಯ ಬಗ್ಗೆ ಎಂ.ಎ. ತರಗತಿಯಲ್ಲಿ ನಾವು ಎಷ್ಟೋ ಚರ್ಚಿಸಿದ್ದುಂಟು; ಇಷ್ಟು ಭಾರವಾದ ಉದಾಹರಣೆಯನ್ನು ಅಲ್ಲಿ ಯಾರೂ ಕೊಟ್ಟಿರಲಿಲ್ಲ.

ಅದರ ಹಿಂದಿನ ವರ್ಷದ ಏಪ್ರಿಲಿನಲ್ಲಿ ಇನ್ನೊಂದು ನಡೆದಿತ್ತು. ಲಾಕ್‌ಡೌನ್ ಕಾಲದಲ್ಲಿ ಅಬುಧಾಬಿಯಿಂದ ದೆಹಲಿಗೆ ಬಂದಿಳಿದ ಮೂವರು ಭಾರತೀಯರ ದೇಹಗಳನ್ನು, ಸ್ಪಷ್ಟ ಆದೇಶವಿಲ್ಲವೆಂಬ ಕಾರಣಕ್ಕೆ, ಅದೇ ವಿಮಾನದಲ್ಲಿ ಹಿಂದಕ್ಕೆ ಕಳಿಸಲಾಯಿತು. ವಿಷಯ ಹೈಕೋರ್ಟು ಮುಟ್ಟಿತು. ಎರಡು ದಿನಗಳಲ್ಲಿ ಗೃಹ ಸಚಿವಾಲಯದ ಕಾರ್ಯವಿಧಾನ ಹೊರಬಿತ್ತು. ದೇಹಗಳು ಎರಡನೆಯ ಸಲ ಬಂದವು. ಕೋವಿಡ್ಡಿನಿಂದಲೇ ಸತ್ತವರ ವಿಷಯದಲ್ಲಿ ಅಲ್ಲಿಯೇ ಅಂತ್ಯಕ್ರಿಯೆ ಎಂಬ ಹಳೆಯ ಕ್ರಮವೇ ಮರಳಿತು, ಆದರೆ ಮುತ್ತುಗದ ತೊಟ್ಟುಗಳಿಲ್ಲದೆ. ಮೊಬೈಲಿನಲ್ಲಿ ದೂರದ ಚಿತೆಯನ್ನು ಕಂಡ ಮನೆಗಳು ನಮ್ಮ ನಡುವೆಯೇ ಇವೆ. ಇರಾಕಿನ ಮೊಸುಲ್‌ನಲ್ಲಿ 2014ರಲ್ಲಿ ಅಪಹೃತರಾಗಿ ಹತರಾದ 39 ಕಾರ್ಮಿಕರ ಮನೆಯವರು ಕಾದದ್ದು ನಾಲ್ಕು ವರ್ಷ. ಡಿ.ಎನ್.ಎ. ಹೊಂದಿಕೆಯಾದ 38 ಮಂದಿಯ ಅವಶೇಷಗಳು 2018ರ ಏಪ್ರಿಲ್ 2ರಂದು ವಾಯುಪಡೆಯ ವಿಮಾನದಲ್ಲಿ ಬಂದವು.

ಕರ್ನಾಟಕ ಕಾದು ಕುಳಿತದ್ದು 2022ರ ಮಾರ್ಚಿನಲ್ಲಿ. ಹಾವೇರಿ ಜಿಲ್ಲೆಯ ಒಬ್ಬ ವೈದ್ಯಕೀಯ ವಿದ್ಯಾರ್ಥಿ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಬಲಿಯಾದ. ಯುದ್ಧದ ನಡುವೆ ದೇಹವನ್ನು ಹೊರತರುವ ಬಗೆ ಹೇಗೆಂಬುದೇ ಬಹಳ ದಿನ ಸ್ಪಷ್ಟವಿರಲಿಲ್ಲ. ಸತ್ತ ಇಪ್ಪತ್ತನೆಯ ದಿನ, ಮಾರ್ಚ್ 21ರ ಬೆಳಗಿನ ಜಾವ, ಪೆಟ್ಟಿಗೆ ಬೆಂಗಳೂರಿಗೆ ಬಂದು ಅಲ್ಲಿಂದ ಊರು ಸೇರಿತು. ಮನೆಯವರು ಮುಖ ನೋಡಿದರು, ತಮ್ಮ ಪದ್ಧತಿಯಂತೆ ಪೂಜೆ ಸಲ್ಲಿಸಿದರು, ಊರಿನವರಿಗೆ ದರ್ಶನಕ್ಕೆ ಇಟ್ಟರು. ಬಳಿಕ, ಮೊದಲೇ ತೀರ್ಮಾನಿಸಿದ್ದಂತೆ, ಮಗನ ದೇಹವನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳ ಅಧ್ಯಯನಕ್ಕೆಂದು ಕಳಿಸಿಕೊಟ್ಟರು.